ಚಂದ್ರಿಯ ಹುಲ್ಲಿನ ಕರು

ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಮನೆಗಳು ಮುಗಿದು ಭತ್ತದ ಗದ್ದೆ ಶುರುವಾಗುತ್ತಿದ್ದ ದಿನಗಳವು. ಎಪ್ಪತ್ತರ ದಶಕ. ಈಗ ಅಲ್ಲಿ ಹುಟ್ಟಿ ಬೆಳೆದವರಿಗೆ ಹೇಳಿದರೆ ನಗುತ್ತಾರೆ. ಗದ್ದೆಗಳ ಆಚೆ ಕಾರ್ಖಾನೆಗಳ ಹೊಗೆಕೊಳವೆಗಳು, ಈಚೆ ನಮ್ಮ ತಬೇಲಾ, ಅಂದರೆ ಎಮ್ಮೆಗಳ ಕೊಟ್ಟಿಗೆ, ನಡುವೆ ಒಂದು ನಾಲೆ.

ನಮ್ಮ ಅಪ್ಪ ಬಿಜಾಪುರದ ಕಡೆಯವನು. ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತು ದುಡಿಯುತ್ತಿದ್ದ. ಅದು ಒಗ್ಗಲಿಲ್ಲ. ಅಲ್ಲಿಯದೇ ಆಗ್ರಿ ಜಾತಿಯ ಒಬ್ಬ ರೈತನ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಎಮ್ಮೆ ಕಟ್ಟಿದ. ಮಳೆಗಾಲದಲ್ಲಿ ಭತ್ತ, ಅದು ಕೊಯ್ದ ಮೇಲೆ ನೆಲದ ತೇವದಲ್ಲೇ ಮೆಂತ್ಯ, ಮೂಲಂಗಿ, ಅವರೆ. ಎಮ್ಮೆಯ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ, ಹೊಲದ ಹುಲ್ಲು ತಿರುಗಿ ಎಮ್ಮೆಗೆ. ಚೀಲದಲ್ಲಿ ಬರುವ ಬಿಳಿ ಗೊಬ್ಬರಕ್ಕೆ ನಮ್ಮವರು ಸರಕಾರಿ ಗೊಬ್ಬರ ಎನ್ನುತ್ತಿದ್ದರು. ಅಪ್ಪ ಅದನ್ನು ಬದುವಿನ ಒಳಗೆ ಬಿಡುತ್ತಿರಲಿಲ್ಲ. ಸಾವಯವ ಎಂಬ ಮಾತು ಆಗ ನಮಗೆ ಗೊತ್ತಿರಲಿಲ್ಲ. ಅಪ್ಪನಿಗೆ ಅದು ಬರೀ ಹಟ.

ಮನೆಯಲ್ಲಿ ಗಡಿಯಾರವಿತ್ತು. ಆದರೆ ನಾವು ನಡೆಯುತ್ತಿದ್ದುದು ಭೋಂಗಾದ ಪ್ರಕಾರ. ಕಾರ್ಖಾನೆಯ ಸೈರನ್ನಿಗೆ ಅಲ್ಲಿ ಎಲ್ಲರೂ ಭೋಂಗಾ ಎನ್ನುತ್ತಿದ್ದರು. ಬೆಳಗಿನ ಭೋಂಗಾಕ್ಕೆ ಮೊದಲು ಹಾಲು ಹಿಂಡಿ ಮುಗಿಯಬೇಕು, ಅದು ಕೂಗಿದಾಗ ಕ್ಯಾನುಗಳು ಸೈಕಲ್ಲಿನ ಮೇಲಿರಬೇಕು, ನಾನು ಕಸ ಹೊಡೆದು ಜಡೆ ಹಾಕಿಕೊಂಡು ಪಾಟಿಚೀಲ ಹಿಡಿದು ಬಾಗಿಲಲ್ಲಿ ನಿಂತಿರಬೇಕು. ಊಟದ ಹೊತ್ತು ತಪ್ಪಿದರೆ ನಾನು ಈಗಲೂ ಸಿಡುಕುತ್ತೇನೆ. ಆ ಶಿಸ್ತು ಅಲ್ಲಿಯದು.

ಕಾರ್ಖಾನೆಗಳ ಕೊಳೆ ಹರಿಯುವ ನಾಲೆಯ ನೀರಿಗೆ ಇಂಥದೇ ಎಂಬ ಬಣ್ಣವಿರಲಿಲ್ಲ. ಒಂದು ದಿನ ಅರಿಸಿನ, ಒಂದು ದಿನ ಕುಂಕುಮ, ಇನ್ನೊಂದು ದಿನ ಶಾಲೆಯ ದೌತಿಯ ಶಾಯಿ. ಶಾಲೆಗೆ ಹೋಗುವ ಹುಡುಗಿಯರೆಲ್ಲ ಸೇತುವೆ ಬರುವ ಮೊದಲೇ ಇವತ್ತಿನ ಬಣ್ಣ ಯಾವುದೆಂದು ಕೂಗಿ ಹೇಳಬೇಕು. ಸೋತವಳು ಗೆದ್ದವಳಿಗೆ ಹುಣಸೆಹಣ್ಣು ಕೊಡಬೇಕು. ಅದೇ ನಮ್ಮ ಆಟ. ಮಳೆಗಾಲದಲ್ಲಿ ಗದ್ದೆಗಳಲ್ಲೆಲ್ಲ ಕಪ್ಪೆಗಳ ಗದ್ದಲ. ನಾಲೆಯ ದಂಡೆಗೆ ಬಂದೊಡನೆ ಅದು ನಿಂತುಹೋಗುತ್ತಿತ್ತು. ಆ ಮೌನ ಯಾಕೆಂದು ನಾವು ಯಾರೂ ಕೇಳಲಿಲ್ಲ.

ಹಾಲು ತೆಗೆದುಕೊಳ್ಳುವವರಲ್ಲಿ ಒಬ್ಬ ಮಂಗಳೂರಿನ ಅಮ್ಮ ಇದ್ದರು. ಅಪ್ಪನನ್ನು ಕಾಡದೆ ಪಾತ್ರೆ ಒಡ್ಡುತ್ತಿರಲಿಲ್ಲ.

"ನಿಮ್ಮ ಎಮ್ಮೆ ಆ ಬಣ್ಣದ ನೀರು ಕುಡಿಯುದಿಲ್ಲ ಅಲ್ವಾ ಮಾರಾಯ್ರೆ? ಹಾಲು ಕೆಂಪಾದ್ರೆ ನಾನು ತಕ್ಕೊಳ್ಳುದಿಲ್ಲ."

"ಬಾವಿ ನೀರ ಕುಡೀತಾವ್ರಿ ಅಕ್ಕಾರ. ಕೆಂಪ ಹಾಲ ಬಂದ್ರ ನಿಮಗ ಪುಕ್ಕಟ."

"ಹೌದೌದು, ಗುಲಾಬಿ ಶರಬತ್ತು ಅಂತ ಹೇಳಿ ಡಬಲ್ ರೇಟಿಗೆ ಮಾರುವ ಜನ ನೀವು!"

ಆ ವರ್ಷ ಶ್ರಾವಣದಲ್ಲಿ ಅವ್ವನಿಗೆ ಹೆರಿಗೆಯಾಯಿತು. ಗಂಡು ಮಗು. ಅದು ಅಳಲಿಲ್ಲ. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಆಯಿ ಆ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಮಳೆಯಲ್ಲೇ ಹೊಲದ ಆಚೆ ಹೋಗಿ, ಬರಿಗೈಯಲ್ಲಿ ತಿರುಗಿ ಬಂದ.

ಅವ್ವನೂ ಅಳಲಿಲ್ಲ. ಆಯಿಗೆ ಹೆದರಿಕೆ ಹುಟ್ಟಿದ್ದೇ ಅದರಿಂದ.

"ಅತ್ತಬಿಡ ಶಾಂತವ್ವಾ. ಅತ್ತರ ಒಳಗಿಂದು ಹೊರಗ ಬೀಳತೈತಿ."

"ಏನ ಬೀಳತೈತಿ ಅತ್ತಿ?" ಎಂದು ಅವ್ವ ಕೇಳಿದಳು. ನಿಜವಾಗಿಯೂ ಗೊತ್ತಿಲ್ಲದವರು ಕೇಳುವ ಹಾಗೆ.

ಬಾಣಂತಿತನ ಮುಗಿಯುವ ಮೊದಲೇ ಎದ್ದು ಕೆಲಸಕ್ಕೆ ನಿಂತಳು. ರೊಟ್ಟಿ ಬಡಿಯುತ್ತಿದ್ದಳು, ಎಲ್ಲರಿಗೂ ಬಡಿಸುತ್ತಿದ್ದಳು. ತನ್ನ ತಟ್ಟೆಯಲ್ಲಿ ಒಂದು ತುಣುಕು ಹಾಕಿಕೊಂಡು ಅದನ್ನೂ ನಾಯಿಗೆ ಎಸೆಯುತ್ತಿದ್ದಳು. ಮೈ ಇಳಿಯಿತು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಊರಲ್ಲಿ ಹೀಗೇ ಉಣ್ಣುವುದನ್ನು ಬಿಟ್ಟು, ಮಾತು ಬಿಟ್ಟು, ಚಳಿಗಾಲ ಮುಗಿಯುವ ಮೊದಲೇ ಹೋಗಿಬಿಟ್ಟ ಒಬ್ಬಳ ಸಂಗತಿಯನ್ನು ಆಯಿ ಅಪ್ಪನಿಗೆ ಹೇಳಿದಳು. ನಾನು ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ. ಕೈ ನಿಲ್ಲಿಸಲಿಲ್ಲ. ಆದರೆ ಅಂದಿನಿಂದ ಶಾಲೆಯಿಂದ ಬಂದವಳೇ ಮೊದಲು ಅವ್ವ ಇದ್ದಾಳೋ ಇಲ್ಲವೋ ಎಂದು ನೋಡುತ್ತಿದ್ದೆ.

ಮಹಾನವಮಿಯ ಹೊತ್ತಿಗೆ ಚಂದ್ರಿ ಈಯಿತು. ಹಣೆಯ ಮೇಲೆ ಬಿಳಿಯ ಮಚ್ಚೆಯಿದ್ದ ಎಮ್ಮೆ, ಹಟ್ಟಿಯಲ್ಲೇ ಹೆಚ್ಚು ಹಾಲು ಕೊಡುವಂಥದು. ಮರಳಿ ಹೊರಟಿದ್ದ ಮಳೆ ಆ ಬೆಳಗ್ಗೆ ಮತ್ತೊಮ್ಮೆ ಸುರಿಯುತ್ತಿತ್ತು. ಕರು ಒದ್ದೆ ನೆಲದಲ್ಲಿ ನಡುಗುತ್ತಿತ್ತು. ಅವ್ವ ಒಳಗೆ ಓಡಿ, ಟ್ರಂಕು ತೆರೆದು, ಕೈಗೆ ಸಿಕ್ಕಿದ್ದನ್ನು ತಂದು ಅದರ ಮೈ ಒರೆಸಿದಳು. ಕೈಗೆ ಸಿಕ್ಕಿದ್ದು ಒಂದು ಸಣ್ಣ ಕೌದಿ. ಬರಲಿರುವ ಕೂಸಿಗೆಂದು ಹಳೆಯ ಸೀರೆಗಳ ತುಂಡು ಜೋಡಿಸಿ ಬೇಸಿಗೆಯೆಲ್ಲ ಕೂತು ಹೊಲಿದದ್ದು. ಒರೆಸಿದ ಮೇಲೆ ಅವಳು ಅದನ್ನು ಒಗೆಯಲಿಲ್ಲ. ಹಾಗೇ ಮಡಿಸಿ ತಿರುಗಿ ಟ್ರಂಕಿನಲ್ಲಿಟ್ಟಳು. ನಾನು ನೋಡಿದೆ. ನಮ್ಮ ಮನೆಯಲ್ಲಿ ಒಗೆಯದ ಬಟ್ಟೆ ಟ್ರಂಕಿಗೆ ಹೋದದ್ದು ಅದೇ ಮೊದಲು.

ಕರು ಉಳಿಯಲಿಲ್ಲ. ಕೆಲವು ದಿನ ಮೊಲೆ ಚೀಪಿತು, ಆಮೇಲೆ ಕುತ್ತಿಗೆ ಎತ್ತಲಿಲ್ಲ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಅಪ್ಪ ನಾಲೆಯ ಕಡೆ ಒಮ್ಮೆ ನೋಡಿದ.

ಚಂದ್ರಿ ಹಾಲು ಬಿಡುವುದನ್ನು ನಿಲ್ಲಿಸಿತು. ಕೆಚ್ಚಲು ಕಲ್ಲಿನಂತಾಗಿತ್ತು, ಮೊಲೆ ಮುಟ್ಟಿದರೆ ಒದೆಯುತ್ತಿತ್ತು. ಮೈ ಜುಮ್ಮೆನ್ನಿಸಿದ್ದು ಮಾತ್ರ ಇನ್ನೊಂದು. ಕಾರ್ಖಾನೆಯ ಭೋಂಗಾ ಕೂಗಿದರೆ ಚಂದ್ರಿ ಆ ದಿಕ್ಕಿಗೆ ತಿರುಗಿ, ಕಿವಿ ನಿಮಿರಿಸಿ, ಅದಕ್ಕೆ ಓಗೊಡುತ್ತಿತ್ತು. ಭೋಂಗಾ ನಿಂತ ಮೇಲೂ ಕೂಗುತ್ತಿತ್ತು. ತನ್ನ ಕರು ಹೊಗೆಯ ಆಚೆ ಎಲ್ಲೋ ಇದೆ ಎಂದು ಅದು ತಿಳಿದಂತಿತ್ತು. ಒಲೆಯ ಮುಂದೆ ಕೂತ ಅವ್ವ ಆ ಕೂಗಿಗೆ ಕೈ ನಿಲ್ಲಿಸಿ ಕೇಳುತ್ತಿದ್ದಳು.

ಹಾಲು ಹಿಂಡುವವನು ಉತ್ತರದೇಶದ ರಾಮ್‌ಧನಿ ಭಯ್ಯಾ. ಅವನು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ.

"ಸೇಠ್, ಸೂಯಿ ಲಗಾವ್. ಸಬ್ ತಬೇಲೇವಾಲೇ ಲಗಾತೇ ಹೈ." ಹಾಲು ಇಳಿಸುವ ಸೂಜಿಮದ್ದನ್ನು ಎಲ್ಲ ತಬೇಲಾದವರೂ ಚುಚ್ಚಿಸುತ್ತಾರೆಂದು ಅವನ ಮಾತು.

"ಸೂಜಿ ನಹೀ," ಎಂದ ಅಪ್ಪ. "ಚುಚ್ಚಿ ಇಳಿಸಿದ ಹಾಲ ನಾ ಜನಕ್ಕ ಕುಡಸಂಗಿಲ್ಲ."

"ತೋ ಕಲ್ಯಾಣ್ ಕಾ ಬಾಜಾರ್."

ಕಲ್ಯಾಣದ ಬಾಜಾರವೆಂದರೆ ಕಸಾಯಿ. ಹಾಲು ಕೊಡದ ಎಮ್ಮೆಗಳು ಎಲ್ಲಿಗೆ ಹೋಗುತ್ತವೆಂದು ತಬೇಲಾದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಗ ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಎಷ್ಟೋ ದಿನಗಳ ಮೇಲೆ ತಾನಾಗಿ ಮಾತಾಡಿದಳು.

"ಆಕೀನ್ನ ಕಳಸಬ್ಯಾಡ್ರಿ. ಕೂಸ ಹೋಗೈತಿ ಅಂತ ತಾಯೀನೂ ಕಳಸೂದೇನು?"

ರಾಮ್‌ಧನಿ ಬೀಡಿ ಆರಿಸಿ ಮೂರನೆಯ ದಾರಿ ಹೇಳಿದ. ಸತ್ತ ಕರುವನ್ನು ಒಯ್ದವನು ಸುಲಿದು ಉಪ್ಪು ತಿಕ್ಕಿಟ್ಟ ತೊಗಲನ್ನು ತಂದು, ಒಣಗಿಸಿ, ಹುಲ್ಲು ತುಂಬಿ ಹೊಲಿಯುವುದು. ಹಿಂಡುವ ಹೊತ್ತಿಗೆ ಅದನ್ನು ಎಮ್ಮೆಯ ಮೂತಿಯ ಮುಂದೆ ನಿಲ್ಲಿಸುವುದು. ಅದು ನೆಕ್ಕುತ್ತದೆ, ಹಾಲು ಇಳಿಸುತ್ತದೆ. ಮುಂಬಯಿಯ ತಬೇಲಾಗಳಲ್ಲಿ ಇದು ಮಾಮೂಲು.

ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಸತ್ತ ತೊಗಲು ಹೊಸಲು ದಾಟುವುದೆಂದರೆ ಆಯಿಗೆ ಜೀವ ಹೋದಂತೆ. ಅವಳು ವಿಭೂತಿ ಹಚ್ಚಿಕೊಂಡು ಬಹಳ ಹೊತ್ತು ಕೂತಳು. ಸೊಸೆಯ ಮುಖ ನೋಡಿ ಕೊನೆಗೆ ಒಪ್ಪಿದಳು. ಆದರೆ ಒಂದು ಕರಾರು: "ನೀಟ ತೊಳದ ತರ್ರಿ. ನಾಕ ಸಲ ತೊಳೀರಿ. ಬಾವಿ ಹತ್ರ ಮಾತ್ರ ಬ್ಯಾಡ."

ಬಾವಿ ಬೇಡವೆಂದರೆ ಉಳಿದದ್ದು ನಾಲೆ. ರಾಮ್‌ಧನಿ ಬೇಡ ಬೇಡ ಎಂದ. ಮನೆಯ ಹಿರಿಯಳ ಮಾತು. ಅಪ್ಪ ತಾನೇ ಹೋಗಿ ನಾಲೆಯಲ್ಲಿ ತೊಳೆದು ತಂದ.

ಹುಲ್ಲಿನ ಕರು ಸಿದ್ಧವಾಯಿತು. ಕಾಲಿಗೆ ಬಿದಿರು, ಹೊಟ್ಟೆಗೆ ಹಿಂದಿನ ವರ್ಷದ ಭತ್ತದ ಹುಲ್ಲು, ಹೊಲಿಗೆಗೆ ಸುತಳಿ. ಕಿವಿ, ಬಾಲ ಎಲ್ಲ ಇದ್ದವು. ಕಣ್ಣಿನ ಜಾಗ ಹೊಲಿದು ಮುಚ್ಚಿತ್ತು. ನಿಲ್ಲಿಸಿದರೆ ನಿಲ್ಲುತ್ತಿತ್ತು, ತಲೆ ತುಸು ಓರೆ ಮಾಡಿಕೊಂಡು, ಏನನ್ನೋ ಆಲಿಸುವ ಹಾಗೆ.

ಚಂದ್ರಿಯ ಮುಂದೆ ತಂದಿಟ್ಟರು. ಅದು ಮೂತಿ ಚಾಚಿ ಮೂಸಿತು. ಮರುಕ್ಷಣ ಬುಸ್ಸೆಂದು ಹಿಂದೆ ಜಿಗಿಯಿತು. ಗೂಟ ಕಿತ್ತುಬರುವಂತೆ ಜಗ್ಗಿತು, ಕಣ್ಣು ಬೆಳ್ಳಗಾದವು. ಉಳಿದ ಎಮ್ಮೆಗಳೂ ಒಟ್ಟಿಗೆ ಎದ್ದು ನಿಂತು ಗೋಡೆಗೆ ಒತ್ತಿಕೊಂಡವು. ತೊಗಲಿನಲ್ಲಿ ಕರುವಿನ ವಾಸನೆ ಒಂದಿಷ್ಟೂ ಉಳಿದಿರಲಿಲ್ಲ. ಔಷಧಿ ಬಾಟಲಿ ಒಡೆದಂಥ, ಗಂಟಲು ಕೆರೆಯುವ ನಾಲೆಯ ವಾಸನೆ. ಕರುವಿನ ಆಕಾರ, ಕಾರ್ಖಾನೆಯ ಉಸಿರು. ಆಯಿ ಬಾಗಿಲಲ್ಲೇ ಕುಸಿದು ಕೂತಳು. "ನಂದ ತಪ್ಪಾತು, ಶಿವನೇ."

ಮರುದಿನ ಬೆಳಗ್ಗೆ ಅವ್ವ ಯಾರನ್ನೂ ಕೇಳದೆ ಟ್ರಂಕು ತೆರೆದಳು. ಆ ಕೌದಿಯನ್ನು ತಂದು ಹುಲ್ಲಿನ ಕರುವಿಗೆ ಹೊದಿಸಿ, ಕುತ್ತಿಗೆಯ ಹತ್ತಿರ ಗಂಟು ಹಾಕಿದಳು. ಕರು ಹುಟ್ಟಿದಾಗಿನ ತೇವ ಅದರಲ್ಲೇ ಒಣಗಿತ್ತು. ಚಂದ್ರಿ ಮೂಸಿತು. ಇನ್ನೊಮ್ಮೆ ಮೂಸಿತು. ಗಂಟಲಿನಲ್ಲಿ ಸಣ್ಣಗೆ ಗುರುಗುಟ್ಟುತ್ತ ಕೌದಿಯನ್ನು ನೆಕ್ಕಲು ಶುರುಮಾಡಿತು. ರಾಮ್‌ಧನಿ ಕೆಳಗೆ ಕೂತು ಮೊಲೆಗೆ ಕೈ ಹಚ್ಚಿದ. ಬೋಗುಣಿಗೆ ಹಾಲು ಬಿದ್ದ ಸದ್ದು ಕೇಳಿ ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಚಂದ್ರಿ ಉಳಿಯಿತು. ಆದರೆ ಅವ್ವನ ಹೆಜ್ಜೆ ಬೇರೆ ದಾರಿ ಹಿಡಿಯಿತು.

ಹಿಂಡಿ ಮುಗಿದೊಡನೆ ಹುಲ್ಲಿನ ಕರುವನ್ನು ಅಟ್ಟಕ್ಕೆ ನೇತುಹಾಕಬೇಕು, ಎಮ್ಮೆ ಬಿಟ್ಟು ಬೇರೆ ಯಾರೂ ಅದರ ಜೊತೆ ಸಲಿಗೆ ಇಟ್ಟುಕೊಳ್ಳಬಾರದು ಎಂದು ರಾಮ್‌ಧನಿ ಮೊದಲೇ ಹೇಳಿದ್ದ. ಅವ್ವ ನೇತುಹಾಕುತ್ತಿರಲಿಲ್ಲ. ಬಿಸಿಲಿಗೆ ತಂದು ನಿಲ್ಲಿಸುತ್ತಿದ್ದಳು. ಬಿಸಿಲು ಸರಿದಂತೆ ಅದನ್ನೂ ಸರಿಸುತ್ತಿದ್ದಳು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಭತ್ತ ಕೊಯ್ದ ಗದ್ದೆಯ ನಟ್ಟನಡುವೆ, ಕೂಳೆಗಳ ಮೇಲೆ, ಅದು ಒಂಟಿಯಾಗಿ ನಿಂತಿತ್ತು. ಗಾಳಿಗೆ ಕೌದಿಯ ಅಂಚು ಅಲ್ಲಾಡುತ್ತಿತ್ತು. ಕಾಗೆಗಳು ದೂರದ ಬದುವಿನ ಮೇಲೆ ಸಾಲಾಗಿ ಕೂತಿದ್ದವು, ಒಂದೂ ಕೂಗುತ್ತಿರಲಿಲ್ಲ. ಹೊಲಿದ ಕಣ್ಣು ನಮ್ಮ ಮನೆಯ ಬಾಗಿಲ ಕಡೆಗಿತ್ತು. ಅವ್ವ ಹೊಸಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು.

"ಅವ್ವಾ, ಅದ್ಯಾಕ ಅಲ್ಲಿ?"

"ಮೈ ಕಾಸಾಕ. ಥಂಡಿ ಆಗಿತ್ತ ಅದಕ್ಕ."

ನಾನು ಸುತ್ತು ಹಾಕಿ ಹಿತ್ತಲ ಬಾಗಿಲಿಂದ ಒಳಗೆ ಹೋದೆ.

ಹೊಸ ಹುಲ್ಲು ಬಂದ ಮೇಲೆ ಅವ್ವ ಅದರ ಹೊಟ್ಟೆಯ ಹೊಲಿಗೆ ಬಿಚ್ಚಿ, ಮುಗ್ಗಿದ ಹಳೆಯ ಹುಲ್ಲು ತೆಗೆದು, ಘಮಘಮಿಸುವ ಹೊಸ ಹುಲ್ಲು ತುಂಬಿದಳು. ಅಲ್ಲಲ್ಲಿ ತೆನೆ ಇನ್ನೂ ಅಂಟಿತ್ತು. ಸುತಳಿಯ ಬದಲು ತನ್ನ ಹೊಲಿಗೆಯ ನೂಲಿನಲ್ಲಿ, ಕೌದಿ ಹೊಲಿಯುವ ಸಣ್ಣ ಟಾಕು ಹಾಕಿ ಮುಚ್ಚಿದಳು. ಮಾಡುವಾಗ ಏನೋ ಗುನುಗುತ್ತಿದ್ದಳು. ಆಯಿ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಕಮಲೀ, ನಿಮ್ಮವ್ವ ಅದಕ್ಕ ಏನರ ಹೆಸರ ಹಿಡದ ಕರೀತಾಳೇನ?"

"ಇಲ್ಲ ಆಯಿ."

"ಕರದ್ರ ನನಗ ಹೇಳು. ಕರದ ದಿನ ಆಕಿ ನಮ್ಮ ಕೈಗೆ ಸಿಗಂಗಿಲ್ಲ."

ಅಂದಿನಿಂದ ನಾನು ಅವ್ವನ ತುಟಿಗಳನ್ನೇ ನೋಡುತ್ತ ತಿರುಗಿದೆ.

ಚಳಿ ಬಿದ್ದಿತ್ತು. ಬೆಳಗಿನ ಮಂಜಿಗೆ ಕಾರ್ಖಾನೆಯ ವಾಸನೆ ಸೇರಿ ಮಧ್ಯಾಹ್ನದವರೆಗೂ ಕಣ್ಣು ಉರಿಯುತ್ತಿತ್ತು. ಅಂಥ ಒಂದು ದಿನ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದರೆ ಅಡಿಗೆಮನೆಯಲ್ಲಿ ಅವ್ವ ಇಲ್ಲ, ತಬೇಲಾದಲ್ಲಿಲ್ಲ, ಬಾವಿಯ ಹತ್ತಿರ ಇಲ್ಲ. ಒಳಕೋಣೆಯ ಬಾಗಿಲು ತಳ್ಳಿದೆ. ಹಾಸಿಗೆಯ ಮೇಲೆ ಹುಲ್ಲಿನ ಕರುವನ್ನು ಮಗ್ಗುಲಾಗಿ ಮಲಗಿಸಿ, ಕೌದಿ ಹೊದಿಸಿ, ಅವ್ವ ಪಕ್ಕದಲ್ಲಿ ಒರಗಿದ್ದಳು. ಕೈ ಅದರ ಹೊಟ್ಟೆಯ ಮೇಲಿತ್ತು.

"ಸದ್ದ ಮಾಡಬ್ಯಾಡ ಕಮಲೀ. ನೋಡಿಲ್ಲೆ. ಉಸರ ಆಡಾಕತ್ತೈತಿ."

ನೋಡಿದೆ. ಕೌದಿಯ ಕೆಳಗೆ ಹೊಟ್ಟೆ ಮೆಲ್ಲಗೆ ಏರಿತು, ಇಳಿಯಿತು. ತಡೆದು ಮತ್ತೆ ಏರಿತು. ನಾನು ನೋಡಿದ್ದು ಸುಳ್ಳಲ್ಲ. ಅವ್ವ ನನ್ನ ಮುಖ ನೋಡಿ ನಕ್ಕಳು. ಶ್ರಾವಣದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗೆಗೆ ಹೆದರಿದಷ್ಟು ನಾನು ಜೀವನದಲ್ಲಿ ಮತ್ತೆ ಯಾವುದಕ್ಕೂ ಹೆದರಿಲ್ಲ.

ಓಡಿಹೋಗಿ ಆಯಿಗೆ ಹೇಳಿದೆ. ಆಯಿ ಬಂದು ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು.

"ಇಲಿ," ಎಂದಳು ನನ್ನ ಕಿವಿಯಲ್ಲಿ. "ತೆನಿ ಇದ್ದ ಹುಲ್ಲ ತುಂಬ್ಯಾಳ. ಒಳಗ ಇಲಿ ಮರಿ ಹಾಕೈತಿ." ಆದರೆ ಹೊಸಲು ದಾಟಿ ಒಳಗೆ ಹೋಗಲಿಲ್ಲ.

ಸಂಜೆ ಅಪ್ಪನ ಮುಂದೆ ಆಯಿ ಸ್ಪಷ್ಟವಾಗಿ ಹೇಳಿದಳು. "ನಾಳೆ ಹಾಲ ಹಿಂಡಿದ ಮ್ಯಾಲ ಅದನ್ನ ಹೂಳಪಾ. ಎಮ್ಮಿ ಹೋದ್ರ ಹೋಗಲಿ. ಸೊಸಿ ಬೇಕ ನನಗ."

"ಕಸಗೊಂಡ್ರ ಆಕಿ ಏನಾಗ್ತಾಳ, ಯವ್ವಾ? ಒಂದ ಸಲ ನಾನ ಕೈಯಾರ ಒಯ್ದು ಮಣ್ಣಿಗಿಟ್ಟ ಬಂದೀನಿ. ಇನ್ನೊಂದ ಸಲ ನನ್ನ ಕಡಿಂದ ಆಗಂಗಿಲ್ಲ."

ಅಪ್ಪನ ದನಿ ಒಡೆದದ್ದನ್ನು ನಾನು ಅಂದೇ ಕೇಳಿದ್ದು. ಆದರೂ ಗುದ್ದಲಿಯನ್ನು ತಬೇಲಾದ ಬಾಗಿಲಿಗೆ ಒರಗಿಸಿಟ್ಟ.

ಬೆಳಗಾಯಿತು. ಮಂಜಿನಲ್ಲಿ ಎಮ್ಮೆಗಳ ಬೆನ್ನು ಮಾತ್ರ ಕಾಣುತ್ತಿತ್ತು. ಅವ್ವ ಹುಲ್ಲಿನ ಕರುವನ್ನು ಎತ್ತಿ ತಂದು ಚಂದ್ರಿಯ ಮುಂದೆ ನಿಲ್ಲಿಸಿದಳು. ಗುದ್ದಲಿ ಅವಳ ಕಣ್ಣಿಗೆ ಬಿತ್ತು. ಕರುವಿನ ಕುತ್ತಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರಾಮ್‌ಧನಿ ಕೂತು ಹಿಂಡಲು ಶುರುಮಾಡಿದ. ಚಂದ್ರಿ ಎಂದಿನಂತೆ ಕೌದಿ ನೆಕ್ಕಿತು. ನೆಕ್ಕುತ್ತ ನೆಕ್ಕುತ್ತ ಮೂತಿ ಹೊಟ್ಟೆಯ ಕಡೆ ಹೋಯಿತು. ಇಲಿ ಕಡಿದು ಸಡಿಲಾದ ಹೊಲಿಗೆಯ ನಡುವೆ ಹೊಸ ಹುಲ್ಲಿನ ಒಂದು ಎಸಳು ಹೊರಬಂದಿತ್ತು. ಚಂದ್ರಿ ಅದನ್ನು ಹಲ್ಲಿನಲ್ಲಿ ಹಿಡಿದು ಎಳೆಯಿತು.

ಚರ್ರನೆ ಹೊಲಿಗೆ ಹರಿಯಿತು. ಇಲಿಯೊಂದು ಹೊರಗೆ ಹಾರಿ ಗೋದಲಿಯ ಕೆಳಗೆ ನುಗ್ಗಿತು. ಚಂದ್ರಿ ಮೂತಿಯನ್ನು ತನ್ನ ಕರುವಿನ ಹೊಟ್ಟೆಯೊಳಗೆ ಇಟ್ಟು ಬಾಯಿ ತುಂಬ ಹುಲ್ಲು ಎಳೆದು ತಿನ್ನತೊಡಗಿತು. ಆತುರವಿಲ್ಲದೆ, ಕಣ್ಣು ಅರೆಮುಚ್ಚಿ. ಕರುವಿನ ಪಕ್ಕೆ ಒಳಗೆ ಕುಸಿಯಿತು, ತಲೆ ವಾಲಿತು. ಕೆಳಗೆ ರಾಮ್‌ಧನಿಯ ಬೋಗುಣಿಗೆ ಹಾಲು ಬೀಳುತ್ತಲೇ ಇತ್ತು.

ಅಪ್ಪ ಮುಂದೆ ಧಾವಿಸಿ ಚಂದ್ರಿಯ ಕೊರಳ ಹಗ್ಗ ಹಿಡಿದ. ಅವ್ವ ಅವನ ಕೈ ತಡೆದಳು.

"ಬಿಡ್ರಿ. ತಿನ್ಲಿ." ಅವಳು ಚಂದ್ರಿಯ ಹಣೆಯನ್ನೇ ನೋಡುತ್ತಿದ್ದಳು. "ಆಕಿಗೆ ಗೊತ್ತಾಗೇತಿ. ಯಾವತ್ತೋ ಗೊತ್ತಾಗೇತಿ. ಹೊಟ್ಟಿ ಹಸದೈತಿ ಆಕೀಗೆ."

ಹಾಗೆಂದವಳು ಅಲ್ಲೇ ಸಗಣಿಯ ನೆಲದ ಮೇಲೆ ಕೂತಳು. ಮೊದಲು ಬಾಯಿ ತೆರೆಯಿತು, ದನಿ ಆಮೇಲೆ ಬಂತು. ನಾನು ಕಿವಿ ಮುಚ್ಚಿಕೊಂಡೆ. ಆಯಿ ಓಡಿ ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, "ಅಳವ್ವಾ, ನನ್ನ ಮಗಳ, ಅಳು," ಎಂದು ತಾನೂ ಅಳತೊಡಗಿದಳು. ಹೊರಗೆ ಭೋಂಗಾ ಕೂಗಿತು. ನಮ್ಮ ಮನೆಯಲ್ಲಿ ಯಾರೂ ಎದ್ದು ಕೆಲಸಕ್ಕೆ ಹೋಗಲಿಲ್ಲ. ಡೊಂಬಿವಲಿಯವರು ಆ ದಿನ ಹಾಲಿಗಾಗಿ ಕಾದರು.

ತೊಗಲನ್ನು ಅಪ್ಪ ಹೂಳಿದ, ಅವ್ವ ಜೊತೆಗೆ ನಿಂತಳು. ಎಲ್ಲಿ ಹೂಳಿದರೆಂದು ನನಗೆ ಗೊತ್ತು, ಕೂಸಿನ ಪಕ್ಕದಲ್ಲಿ. ಬಂದು ಕೈಕಾಲು ತೊಳೆದು ಅವ್ವ ಒಲೆ ಹಚ್ಚಿದಳು. ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಮೊಸರು. ತಾನೇ ಬಡಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತು ಉಂಡಳು. ನಾವು ಯಾರೂ ಅತ್ತ ನೋಡದ ಹಾಗೆ ನಟಿಸಿದೆವು. ಚಂದ್ರಿ ಮುಂದೆ ಹಿಂಡಿಯ ಬುಟ್ಟಿ ಇಟ್ಟರೆ ಹಾಲು ಇಳಿಸುತ್ತಿತ್ತು. ಕಡಿಮೆಯೇ, ಆದರೂ ಇಳಿಸುತ್ತಿತ್ತು.

ಆ ಹೊಲ ಈಗಿಲ್ಲ. ಬಾವಿ ಮುಚ್ಚಿ, ತಿಪ್ಪೆಯ ಜಾಗದಲ್ಲಿ ಸೊಸೈಟಿಯೊಂದರ ಪಾರ್ಕಿಂಗ್ ಬಂದಿದೆ. ಅವ್ವ ತುಂಬು ವಯಸ್ಸಿನಲ್ಲಿ ಹೋದಳು. ಅದಕ್ಕೆಲ್ಲ ನಾನು ಕೊರಗುವುದಿಲ್ಲ. ಹೊಲಗಳು ಹೋಗುತ್ತವೆ, ಜನರೂ ಹೋಗುತ್ತಾರೆ. ನಾನು ಈಗ ಇರುವುದು ಮುಂಬಯಿ ಪಕ್ಕದ ಕಾಮೋಠೆಯಲ್ಲಿ. ಹೋದ ವರ್ಷ ಹೆರಿಗೆಗೆಂದು ಹೋದ ಎದುರು ಫ್ಲ್ಯಾಟಿನ ಹುಡುಗಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಳು. ನಾವೆಲ್ಲ ಹೋಗಿ, ಧೈರ್ಯವಾಗಿರು, ಇನ್ನೂ ಚಿಕ್ಕ ವಯಸ್ಸು, ಎಂದು ಹೇಳಿ ಬಂದೆವು. ವಾರ ತುಂಬುವ ಮೊದಲೇ ಅವಳು ಕೆಲಸಕ್ಕೆ ಹೊರಟಳು. ಬೆಳಗ್ಗೆ ಹಾಲಿನ ಪಾಕೀಟು ತೆಗೆದುಕೊಳ್ಳಲು ಬಾಗಿಲು ತೆರೆದಾಗ ನನ್ನನ್ನು ನೋಡಿ ನಗುತ್ತಾಳೆ. ಆ ನಗೆ ನಾನು ಬಲ್ಲೆ. ನಾನೂ ನಗುತ್ತೇನೆ. ಒಂದು ಹಂಗಾಮಿನ ಮಟ್ಟಿಗಾದರೂ ಅವಳ ಮುಂದೆ ತಂದು ನಿಲ್ಲಿಸಲು ನನ್ನ ಹತ್ತಿರ ಒಂದು ಹುಲ್ಲಿನ ಕರುವೂ ಇಲ್ಲ.